ಚಹಾ ಡಬ್ಬಿಯ ಪಿನ್‌ಹೋಲ್ ಕ್ಯಾಮೆರಾ: ಎರಡು ತಿಂಗಳು ಬಳಸಿದ ಮೇಲೆ

ಕಾರವಾರದಲ್ಲಿ ಇಪ್ಪತ್ತಾರು ವರ್ಷ ಎಕ್ಸ್‌ರೇ ಕೋಣೆಯಲ್ಲಿ ದುಡಿದವನು ನಾನು. ಕಂಪ್ಯೂಟರ್ ಬಂದಮೇಲೆ ಡಾರ್ಕ್‌ರೂಮಿಗೆ ಬೀಗ ಬಿತ್ತು, ಫಿಲ್ಮ್ ತೊಳೆಯುವ ಹೈಪೋ ದ್ರಾವಣದ ವಾಸನೆಯೂ ಹೋಯಿತು. ಅದು ಮತ್ತೆ ಬೇಕೆನಿಸಿ ಈ ಕ್ಯಾಮೆರಾ ಮಾಡಿಕೊಂಡೆ. ಲೆನ್ಸ್ ಇಲ್ಲ, ಬ್ಯಾಟರಿ ಇಲ್ಲ. ಒಂದು ತೂತು, ಎದುರಿಗೊಂದು ಕಾಗದ, ಅಷ್ಟೇ.

ಡಬ್ಬಿ 10 ಸೆಂ.ಮೀ. ಅಗಲದ ಗುಂಡು ತಗಡಿನದು, ಮುಚ್ಚಳವೂ ತಗಡಿನದೇ. ಪ್ಲಾಸ್ಟಿಕ್ ಮುಚ್ಚಳ ಬೆಳಕು ಬಿಡುತ್ತದೆ, ಬೇಡ. ಒಳಗೆ ಕರಿಹಲಗೆಗೆ ಬಳಿಯುವ ಬಣ್ಣ ಎರಡು ಸಲ ಹೊಡೆದೆ. ತೂತು ಮುಚ್ಚಿ ತೆರೆಯುವ ಶಟರಿಗೆ ಮೊದಲು ಕಪ್ಪು ಇನ್ಸುಲೇಷನ್ ಟೇಪ್ ಹಚ್ಚಿದ್ದೆ. ಕಡಲಗಾಳಿಗೆ ಅಂಟು ಜಾರಿ ಎರಡು ಕಾಗದ ಪೂರ್ತಿ ಕಪ್ಪಾದವು. ಈಗ ಫ್ರಿಜ್ಜಿಗೆ ಅಂಟಿಸುವ ರಬ್ಬರ್ ಮ್ಯಾಗ್ನೆಟ್ಟೇ ಶಟರ್. ತಗಡಿಗೆ ಗಟ್ಟಿ ಕಚ್ಚಿಕೊಳ್ಳುತ್ತದೆ.

ಜೀವ ಇರುವುದು ತೂತಿನಲ್ಲಿ. ಡಬ್ಬಿಗೇ ಮೊಳೆ ಹೊಡೆದರೆ ಚಿತ್ರ ಮಸುಕಾಗುತ್ತದೆ. ತಂಪು ಪಾನೀಯದ ಕ್ಯಾನಿನಿಂದ ಸಣ್ಣ ತುಂಡು ಕತ್ತರಿಸಿ, ರಟ್ಟಿನ ಮೇಲಿಟ್ಟು, 10ನೇ ನಂಬರಿನ ಹೊಲಿಗೆ ಸೂಜಿಯ ತುದಿಯಷ್ಟನ್ನೇ ತಿರುಗಿಸುತ್ತ ಒತ್ತಬೇಕು. ಹಿಂದೆ ಎದ್ದ ಉಬ್ಬನ್ನು ನಯವಾದ ಉಪ್ಪುಕಾಗದದಿಂದ ಉಜ್ಜಿ, ಮತ್ತೆ ಸೂಜಿ ಆಡಿಸಬೇಕು. ಡಿಟಿಪಿ ಅಂಗಡಿಯ ಸ್ಕ್ಯಾನರಿನಲ್ಲಿ 1200 ಡಿಪಿಐಗೆ, ಅಂದರೆ ಇಂಚಿಗೆ 1200 ಚುಕ್ಕಿಗೆ, ಇಟ್ಟು ನೋಡಿದೆ: ಅಡ್ಡ 19 ಚುಕ್ಕಿ, ಅಂದರೆ 0.4 ಮಿ.ಮೀ. ಈ ಡಬ್ಬಿಗೆ ಹೇಳಿ ಮಾಡಿಸಿದ ಅಳತೆ. ನಾಲ್ಕನೆಯ ತುಂಡಿನಲ್ಲಿ ಕೈಗೂಡಿತು.

ಕಾಗದ ಇಲ್ಫೋರ್ಡ್ ಮಲ್ಟಿಗ್ರೇಡ್ ಎಂಬ ಫೋಟೋ ಕಾಗದ, 5x7 ಇಂಚಿನದನ್ನು ಅರ್ಧ ಮಾಡಿ ಹಾಕುತ್ತೇನೆ. ಕಾಗದ ತುಂಬ ಚೆನ್ನಾಗಿದೆ, ಕೆಂಪು ಬಲ್ಬಿನಲ್ಲಿ ಧೈರ್ಯವಾಗಿ ಮುಟ್ಟಬಹುದು. ಆದರೆ ಆನ್‌ಲೈನಿನಲ್ಲಿ ತರಿಸಿದ ಮೊದಲ ಪ್ಯಾಕೆಟನ್ನು ದಾರಿಯಲ್ಲಿ ಯಾರೋ ಬಿಚ್ಚಿ ಮತ್ತೆ ಟೇಪ್ ಸುತ್ತಿದ್ದರು. ಇಪ್ಪತ್ತೈದು ಹಾಳೆಯೂ ಹಾಳು. ಹಣ ವಾಪಸ್ ಬಂತು, ಆದರೆ ಹದಿನೈದು ದಿನ ಕಾಯಬೇಕಾಯಿತು. ‘ಬೆಳಕಿಗೆ ಬಿಚ್ಚಬೇಡಿ’ ಎಂದು ಹೊರಡಬ್ಬಿಯ ಮೇಲೆ ಬರೆದು ಕಳಿಸಲು ಹೇಳಿ, ದಯವಿಟ್ಟು.

ತೊಳೆಯುವುದು ಬಚ್ಚಲಲ್ಲಿ. ಚಿತ್ರ ಮೂಡಿಸುವ ದ್ರಾವಣ, ಡೆವಲಪರ್, 20 ಡಿಗ್ರಿ ಇರಬೇಕು, ಏಪ್ರಿಲಿನಲ್ಲಿ ನಮ್ಮ ನಲ್ಲಿ ನೀರು ಅದಕ್ಕಿಂತ ಎಷ್ಟೋ ಬಿಸಿ. ಮೀನು ಪೇಟೆಯಿಂದ ಐಸ್ ತಂದು ದೊಡ್ಡ ಬೋಗುಣಿಗೆ ಸುರಿದು, ಅದರೊಳಗೆ ಟ್ರೇ ಇಡುತ್ತೇನೆ.

ಈ ಕಾಗದಕ್ಕೆ ನೀಲಿ ಕಂಡರೆ ಆತುರ, ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ತೂತಿನ ಮುಂದೆ ಹಳದಿ ಜಿಲೆಟಿನ್ ಕಾಗದ ಹಿಡಿದರೆ ಕಪ್ಪು-ಬಿಳುಪಿನ ಅಂತರ ಮೆತ್ತಗಾಗುತ್ತದೆ, ಹೊತ್ತು ಹೆಚ್ಚು ಬೇಕು. ಅದಿಲ್ಲದೆ ಮಧ್ಯಾಹ್ನದ ಬಿಸಿಲಿಗೆ 45 ಸೆಕೆಂಡು, ಬೆಳಗ್ಗೆ ಎರಡು ನಿಮಿಷ ಸಾಕು. ಕೈಯಲ್ಲಿ ಹಿಡಿದು ತೆಗೆಯುವ ಮಾತೇ ಇಲ್ಲ. ಡಬ್ಬಿ ಅಲುಗದಂತೆ ಒಂದು ಕಲ್ಲು ಹೇರಿ.

ಏಪ್ರಿಲ್ ಕೊನೆಯ ಭಾನುವಾರ, ವಿಶ್ವ ಪಿನ್‌ಹೋಲ್ ದಿನ, ಬೆಳಗ್ಗೆಯೇ ಬೈತಖೋಲ ಮೀನುಗಾರಿಕೆ ಬಂದರಿಗೆ ಹೋಗಿದ್ದೆ. ಬಂಗಡೆ ಬುಟ್ಟಿ ಮುಂದಿಟ್ಟುಕೊಂಡ ಅಜ್ಜಿಯೊಬ್ಬರು, “ಡಬ್ಬಿಯಲ್ಲಿ ಎಂಥದೋ ತಮ್ಮಾ?” ಎಂದರು. ಫೋಟೋ ಎಂದೆ. “ಹಾಗಾದರೆ ಅಲ್ಲಾಡೋದಿಲ್ಲ” ಎಂದು ಒಂದು ಕೈ ಗಲ್ಲಕ್ಕೆ ಊರಿ ಕೂತರು. ಇನ್ನೊಂದು ಕೈ ಮಾತ್ರ ನೊಣ ಓಡಿಸುತ್ತಲೇ ಇತ್ತು.

ರಾತ್ರಿ ಕೆಂಪು ಬೆಳಕಿನಲ್ಲಿ ಕಾಗದ ನಿಧಾನಕ್ಕೆ ಕಪ್ಪೇರಿತು. ಕಾಗದದಲ್ಲಿ ಮೂಡುವುದು ನೆಗೆಟಿವ್, ಫೋನಿನಲ್ಲಿ ಕಪ್ಪು-ಬಿಳುಪು ತಿರುವಿ ನೋಡಿದೆ. ಬುಟ್ಟಿಯ ಹೆಣಿಗೆ, ಮೂಗುತಿ, ಗಲ್ಲದ ಮೇಲಿನ ಬೆರಳು ಎಲ್ಲ ಇವೆ. ನೊಣ ಓಡಿಸುತ್ತಿದ್ದ ಕೈ ಇರಬೇಕಾದಲ್ಲಿ ಹೊಗೆಯಂಥದೊಂದು ಎಳೆ. ಹಿಂದೆ ಲಂಗರು ಹಾಕಿದ ದೋಣಿಗಳು ಅಲೆಯ ಮೇಲೆ ಕರಗಿವೆ. ಪ್ರಿಂಟ್ ಹಾಕಿಸಿ ಅಜ್ಜಿಗೆ ಕೊಟ್ಟು ಬಂದೆ.