ಎಂಪಿಐ4ಪೈ: ಹ್ಯಾಂಡಲ್ ಕೊಡೋದು ಸುಲಭ, ಬಿಡೋದು ನಮ್ಮ ತಲೆನೋವು

ಒಂದೇ ಲೆಕ್ಕವನ್ನು ಹಂಚಿಕೊಂಡು ಓಡುವ ಹಲವು ಪ್ರೊಸೆಸ್‌ಗಳು ತಮ್ಮೊಳಗೆ ಸಂದೇಶ ಕಳಿಸಿಕೊಳ್ಳುವ ವ್ಯವಸ್ಥೆ ಎಂಪಿಐ, ಅದನ್ನು ಪೈಥಾನ್‌ನಿಂದ ಬಳಸುವ ಪ್ಯಾಕೇಜ್ ಎಂಪಿಐ4ಪೈ. ಅದು ಎಷ್ಟು ವೇಗ, ಸಣ್ಣಕ್ಷರದ ಸೆಂಡ್‌ಗೂ ದೊಡ್ಡಕ್ಷರದ ಸೆಂಡ್‌ಗೂ ಏನು ವ್ಯತ್ಯಾಸ ಅನ್ನೋದು ಇದನ್ನು ಓದುವವರಿಗೆ ಗೊತ್ತೇ ಇರುತ್ತದೆ. ಅದನ್ನು ಬಿಡೋಣ. ಕೆಲವು ವರ್ಷಗಳಿಂದ ದಿನಾ ಬಳಸುತ್ತಿದ್ದೇನೆ. ನಾನು ಹೇಳಬೇಕಿರುವುದು ಕಮ್ಯುನಿಕೇಟರ್ ಹ್ಯಾಂಡಲ್ ಬಗ್ಗೆ ಮಾತ್ರ. ತಮ್ಮೊಳಗೆ ಮಾತಾಡುವ ಪ್ರೊಸೆಸ್‌ಗಳ ಗುಂಪು ಕಮ್ಯುನಿಕೇಟರ್, ಆ ಗುಂಪನ್ನು ತೋರಿಸಲು ಕೋಡ್ ಇಟ್ಟುಕೊಳ್ಳುವ ಗುರುತು ಹ್ಯಾಂಡಲ್.

ನಮ್ಮದು ಪೀಣ್ಯದಲ್ಲಿರುವ ಸಣ್ಣ ಆಫೀಸು. ಇನ್ವರ್ಟರ್ ಪೆಟ್ಟಿಗೆಗಳ ಒಳಗೆ ಬಿಸಿ ಹೇಗೆ ಹರಡುತ್ತದೆ ಅಂತ ಲೆಕ್ಕ ಹಾಕುತ್ತೇವೆ. ದುಬಾರಿ ಸಾಫ್ಟ್‌ವೇರ್ ಲೈಸೆನ್ಸ್ ಕೊಳ್ಳುವ ಶಕ್ತಿ ನಮಗಿಲ್ಲ. ಹಾಗಾಗಿ ಲೆಕ್ಕದ ತಿರುಳೆಲ್ಲ ಹಳೆಯ ಫೋರ್ಟ್ರಾನ್ ಕೋಡ್, ಸಮೀಕರಣ ಬಿಡಿಸಲು ಪೆಟ್ಸಿ ಅನ್ನೋ ಲೈಬ್ರರಿ, ಇವೆರಡನ್ನೂ ನಡೆಸಲು ಪೈಥಾನ್. ಮೂರಕ್ಕೂ ಒಂದೇ ಕಮ್ಯುನಿಕೇಟರ್ ಬೇಕು. ಪೇಚು ಇರೋದೇ ಇಲ್ಲಿ. ಎಂಪಿಐಸಿಎಚ್, ಓಪನ್ ಎಂಪಿಐ ಅಂತ ಎಂಪಿಐನ ಬೇರೆ ಬೇರೆ ಸಾಫ್ಟ್‌ವೇರ್‌ಗಳಿವೆ. ಸಿ ಭಾಷೆಯಲ್ಲಿ ಈ ಹ್ಯಾಂಡಲ್ ಎಂಪಿಐಸಿಎಚ್‌ನಲ್ಲಾದರೆ ಬರೀ ಒಂದು ಪೂರ್ಣಾಂಕ, ಓಪನ್ ಎಂಪಿಐನಲ್ಲಾದರೆ ಪಾಯಿಂಟರ್, ಅಂದರೆ ಮೆಮೊರಿಯ ವಿಳಾಸ. ಹಳೆಯ ಫೋರ್ಟ್ರಾನ್‌ಗೆ ಎಲ್ಲಿದ್ದರೂ ಪೂರ್ಣಾಂಕವೇ ಬೇಕು. ಭಾಷೆಗಳ ನಡುವಿನ ಹೊದಿಕೆ ಕೋಡನ್ನು ನಾವೇ ಕೈಯಾರೆ ಬರೆಯಲು ಹೋದರೆ ಒಂದು ಯಂತ್ರದಲ್ಲಿ ಓಡಿದ್ದು ಇನ್ನೊಂದರಲ್ಲಿ ಸೆಗ್ಮೆಂಟೇಶನ್ ಫಾಲ್ಟ್ ಅಂತ ಸಾಯುತ್ತದೆ.

ಎಂಪಿಐ4ಪೈನಲ್ಲಿ ಪೈ2ಎಫ್ ಅಂತ ಕರೆದರೆ ಮುಗೀತು. ಒಂದು ಸಂಖ್ಯೆ ಬರುತ್ತದೆ, ಅದನ್ನು ಫೋರ್ಟ್ರಾನ್‌ಗೆ ದಾಟಿಸಿದರೆ ಆಯಿತು. ದರ್ಶಿನಿಯ ಟೋಕನ್ ಇದ್ದ ಹಾಗೆ: ದೋಸೆ ಒಳಗೇ ಇರುತ್ತದೆ, ಕೈ ಬದಲಾಗುವುದು ಚೀಟಿ ಮಾತ್ರ. ಅಲ್ಲಿಂದ ವಾಪಸ್ ತರಲು ಎಫ್2ಪೈ ಇದೆ. (ನಮ್‌ಪೈ ಜೊತೆ ಬರುವ ಅದೇ ಹೆಸರಿನ ಉಪಕರಣ ಬೇರೆ. ಹುಡುಕಿದರೆ ಅದೇ ಮೊದಲು ಬಂದು ತಲೆ ತಿನ್ನುತ್ತದೆ.) ಪೆಟ್ಸಿಯನ್ನು ಪೈಥಾನ್‌ನಿಂದ ಬಳಸುವ ಪೆಟ್ಸಿ4ಪೈ ಇನ್ನೂ ಸಲೀಸು. ಕಮ್ಯುನಿಕೇಟರನ್ನು ಇದ್ದ ಹಾಗೇ ಕೊಡಬಹುದು.

ಬೆಳಿಗ್ಗೆ ಬಂದು ಕಾಫಿ ಲೋಟ ಮೇಜಿನ ಮೇಲಿಟ್ಟ ಕೂಡಲೇ ನನ್ನ ಮೊದಲ ಕೆಲಸ ನಾಲ್ಕು ಪ್ರೊಸೆಸ್‌ನಲ್ಲಿ ಎಂಪಿಐ4ಪೈ.ಬೆಂಚ್‌ನ ಹೆಲೋವರ್ಲ್ಡ್ ಅನ್ನೋ ಪುಟ್ಟ ಪರೀಕ್ಷೆ ಓಡಿಸುವುದು. ಒಟ್ಟು ಎಷ್ಟರಲ್ಲಿ ತಾನು ಎಷ್ಟನೆಯದು ಅಂತ ಪ್ರತಿ ಪ್ರೊಸೆಸ್ಸೂ ಹೇಳುತ್ತದೆ. ‘4ರಲ್ಲಿ 0’, ‘4ರಲ್ಲಿ 1’ ಅಂತ ಸಾಲುಗಳು ಇಳಿದರೆ ಸಮಾಧಾನ. ನಾಲ್ಕೂ ಸಾಲು ‘1ರಲ್ಲಿ 0’ ಅಂದರೆ ಯಾರೋ ಎನ್ವಿರಾನ್‌ಮೆಂಟ್ ಮುಟ್ಟಿದ್ದಾರೆ ಅಂತಲೇ ಅರ್ಥ. ಪ್ರೊಸೆಸ್‌ಗಳನ್ನು ಶುರು ಮಾಡುವ ಎಂಪಿಐರನ್ ಒಂದು ಎಂಪಿಐನದ್ದು, ಪ್ಯಾಕೇಜ್ ಇನ್ನೊಂದರದ್ದು. ಆಗ ಪ್ರತಿ ಪ್ರೊಸೆಸ್ಸೂ ತಾನೊಬ್ಬನೇ ಅಂದುಕೊಂಡು ಒಂದೇ ಲೆಕ್ಕವನ್ನು ಸುಮ್ನೆ ನಾಲ್ಕು ಸಲ ಮಾಡುತ್ತದೆ. ಎರರ್ ಕೂಡ ಬರುವುದಿಲ್ಲ. ಪ್ಯಾಕೇಜ್ ಯಾವ ಎಂಪಿಐನದ್ದು ಅಂತ ಹೇಳುವ ಗೆಟ್_ಲೈಬ್ರರಿ_ವರ್ಷನ್ ಪ್ರಿಂಟ್ ಮಾಡಿದರೆ ಗುಟ್ಟು ರಟ್ಟು.

ಹೊಗಳಿದ್ದಾಯಿತು, ಈಗ ಬೈಗುಳ. ಸಂಜೆ ಹೊರಡುವಾಗ ಶುರು ಮಾಡಿದ ದೊಡ್ಡ ಲೆಕ್ಕಗಳು ರಾತ್ರಿ ಸಾಯತೊಡಗಿದವು. “ಏನ್ ಸಾರ್, ಮತ್ತೆ ನಿಂತೋಯ್ತಾ?” ಅಂತ ಪಕ್ಕದ ಸೀಟಿನ ಹುಡುಗ ಕೇಳೋದು, ನಾನು ತಲೆಯಾಡಿಸೋದು. ಮೆಮೊರಿ ಬೇಕಾದಷ್ಟು ಖಾಲಿ ಇತ್ತು. ಸಾಯುತ್ತಿದ್ದದ್ದು ಮಾತ್ರ ಪ್ರತಿ ಸಲ ಸಾವಿರ ಟೈಮ್ ಸ್ಟೆಪ್‌ನ (ಲೆಕ್ಕ ಮುಂದೆ ಸಾಗುವ ಹಂತ) ಆಸುಪಾಸಿನಲ್ಲೇ. ಲಾಗ್‌ನ ಕೊನೆಯಲ್ಲಿ ಎಂಪಿಐಸಿಎಚ್ ಹೇಳಿತ್ತು: ಕಮ್ಯುನಿಕೇಟರ್‌ಗಳು ಜಾಸ್ತಿಯಾದವು, 2048ರಲ್ಲಿ ಒಂದೂ ಉಳಿದಿಲ್ಲ.

2048 ಎಲ್ಲಿ, ಸಾವಿರ ಎಲ್ಲಿ? ನಮ್ಮಲ್ಲಿ ಹಿಂದೆ ಇದ್ದವರು ಬರೆದಿಟ್ಟ ಕೋಡ್ ಪ್ರತಿ ಸ್ಟೆಪ್‌ಗೂ ನಕಲು ಮಾಡುವ ಡೂಪ್ ಕರೆದು, ಹೊಸ ಕಮ್ಯುನಿಕೇಟರ್ ಮಾಡಿ ಪೆಟ್ಸಿಗೆ ಕೊಡುತ್ತಿತ್ತು. ಪೆಟ್ಸಿ ತನ್ನ ಸಂದೇಶ ನಮ್ಮದರ ಜೊತೆ ಬೆರೆಯದಿರಲಿ ಅಂತ, ಸಿಕ್ಕ ಪ್ರತಿ ಹೊಸ ಕಮ್ಯುನಿಕೇಟರ್‌ಗೂ ಒಳಗೆ ತನ್ನದೊಂದು ನಕಲು ಮಾಡಿಕೊಳ್ಳುತ್ತದೆ. ಸ್ಟೆಪ್ಪಿಗೆ ಎರಡು ಖರ್ಚು. ಲೆಕ್ಕ ಸರಿಹೋಯಿತು, ಅಲ್ವಾ? ಪೈಥಾನ್‌ನಲ್ಲಿ ವೇರಿಯಬಲ್ ಹೋದರೆ ಅದರ ಹಿಂದಿನ ಹ್ಯಾಂಡಲ್ಲೂ ಹೋಗುತ್ತದೆ ಅಂತ ಯಾರಾದರೂ ನಂಬುತ್ತಾರೆ. ಹೋಗುವುದಿಲ್ಲ. ಡೂಪ್ ಮಾಡಿದ್ದನ್ನು ಎಂಪಿಐ4ಪೈ ತಾನಾಗಿ ಫ್ರೀ ಮಾಡುವುದಿಲ್ಲ, ಅಂದರೆ ಬಿಟ್ಟುಕೊಡುವುದಿಲ್ಲ.

ಇಷ್ಟು ಬುದ್ಧಿವಂತ ಪ್ಯಾಕೇಜ್‌ಗೆ ಇದೊಂದು ಬರಲ್ವಾ ಅಂತ ಸಿಟ್ಟು ಬಂದಿತ್ತು. ಕೂತು ಯೋಚಿಸಿದರೆ ಬೇರೆ ದಾರಿಯೇ ಇಲ್ಲ. ಫ್ರೀ ಅನ್ನೋದು ಆ ಕಮ್ಯುನಿಕೇಟರ್‌ನಲ್ಲಿರುವ ಎಲ್ಲ ಪ್ರೊಸೆಸ್‌ಗಳೂ ಸೇರಿ ಕರೆಯಬೇಕಾದ ಕೆಲಸ. ಬೇಡವಾದದ್ದನ್ನು ಗುಡಿಸುವ ಪೈಥಾನ್‌ನ ಗಾರ್ಬೇಜ್ ಕಲೆಕ್ಟರ್ ಒಂದೊಂದು ಪ್ರೊಸೆಸ್‌ನಲ್ಲಿ ಒಂದೊಂದು ಹೊತ್ತಿಗೆ ಏಳುತ್ತದೆ. ಅದರ ಕೈಗೆ ಫ್ರೀ ಕೊಟ್ಟರೆ ಒಂದು ಪ್ರೊಸೆಸ್ ಇನ್ನೊಂದಕ್ಕೆ ಕಾಯುತ್ತಾ ನಿಲ್ಲಬಹುದು, ಆಗ ಪ್ರೋಗ್ರಾಂ ಹ್ಯಾಂಗ್. ಸತ್ತರೆ ಲಾಗ್ ಆದರೂ ಸಿಗುತ್ತದೆ. ಹ್ಯಾಂಗ್ ಆದರೆ ಬೆಳಗಿನವರೆಗೆ ಕರೆಂಟ್ ಬಿಲ್ ಅಷ್ಟೇ.

ಈಗ ಶುರುವಿನಲ್ಲಿ ಒಂದೇ ಡೂಪ್. ಅದನ್ನೇ ಎಲ್ಲರಿಗೂ ಕೊಡುತ್ತೇವೆ. ಪೆಟ್ಸಿ ಆಬ್ಜೆಕ್ಟ್‌ಗಳ ಕೆಲಸ ಮುಗಿದ ಕೂಡಲೇ ಡೆಸ್ಟ್ರಾಯ್, ಎಲ್ಲ ಮುಗಿದ ಮೇಲೆ ಫ್ರೀ. ಇನ್ನೊಂದು ಮಾತು: ಪೈ2ಎಫ್ ಕೊಟ್ಟ ಸಂಖ್ಯೆಯನ್ನು ಫೋರ್ಟ್ರಾನ್ ಕಡೆ ಫ್ರೀ ಮಾಡಲು ಹೋಗಬೇಡಿ. ಅದು ನಕಲಲ್ಲ, ಅದೇ ಕಮ್ಯುನಿಕೇಟರ್.

2025ರ ಎಂಪಿಐ 5.0ನಲ್ಲಿ ಎಲ್ಲರಿಗೂ ಒಂದೇ ಎಬಿಐ, ಅಂದರೆ ಹ್ಯಾಂಡಲ್‌ಗಳೂ ಸೇರಿ ಕಂಪೈಲ್ ಆದ ಕೋಡ್‌ಗಳು ಹೊಂದಿಕೊಳ್ಳುವ ನಿಯಮ, ಗೊತ್ತುಪಡಿಸಿದ್ದಾರೆ. ನಮ್ಮ ಹಳೇ ಸರ್ವರ್‌ಗಳಿಗೆ ಅದು ಬರುವ ಹೊತ್ತಿಗೆ ನಾನು ಇದೇ ಆಫೀಸಿನಲ್ಲಿ ಇರುತ್ತೇನೋ ಇಲ್ಲವೋ. ಅಲ್ಲಿಯವರೆಗೆ ಕಾಸು ಕೊಡದೆ ಸಿಗುವ ಈ ಪ್ಯಾಕೇಜನ್ನು ಬಿಡುವ ಯೋಚನೆ ಇಲ್ಲ. ಐದಕ್ಕೆ ನಾಲ್ಕು ಸ್ಟಾರ್. ಫ್ರೀ ಮಾಡದೆ ಉಳಿದ ಹ್ಯಾಂಡಲ್‌ಗಳನ್ನು ಕೊನೆಯಲ್ಲಿ ಒಂದು ಎಚ್ಚರಿಕೆ ಸಾಲಿನಲ್ಲಿ ತೋರಿಸಿದ್ದರೆ ಐದನೆಯದ್ದೂ ಕೊಡುತ್ತಿದ್ದೆ.