ಹಳೇ ಬರ್ನರ್ ಸೈಕಲ್‌ನ ತುಕ್ಕಿಗೆ ಯಾವ ಮದ್ದು? ಫಾಯಿಲ್, ವಿನಿಗರ್, ನಿಂಬೆ ಉಪ್ಪು, ಆಕ್ಸಾಲಿಕ್

ಬಣ್ಣ ಹೊಡೆದ ಹಳೇ ಸೈಕಲ್ ಆದರೆ ಚಿಂತೆ ಕಮ್ಮಿ. ತುಕ್ಕು ಕೆರೆದು ಮತ್ತೆ ಬಣ್ಣ ಹೊಡೆದರಾಯಿತು. ಕ್ರೋಮ್ ಮಾಡಿದ ಫ್ರೇಮ್ ಹಾಗಲ್ಲ. ಕ್ರೋಮ್ ಒಮ್ಮೆ ಹೋದರೆ ಮನೆಯಲ್ಲಿ ಮತ್ತೆ ಹಾಕೋಕೆ ಆಗಲ್ಲ. ಇರೋದನ್ನು ಉಳಿಸಿಕೊಂಡು ತುಕ್ಕನ್ನು ಮಾತ್ರ ತೆಗೆಯಬೇಕು. ಇದಕ್ಕೆ ಒಬ್ಬೊಬ್ಬರದ್ದು ಒಂದೊಂದು ಮದ್ದು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ನನಗೆ ಸಿಕ್ಕಿದ 1983ರ ಕ್ರೋಮ್ ಬರ್ನರ್ (ರ‍್ಯಾಲಿ ಕಂಪನಿಯ ಬಿಎಂಎಕ್ಸ್ ಸೈಕಲ್) ಮೇಲೆ ನಾಲ್ಕು ಮದ್ದುಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆ. ಹ್ಯಾಂಡಲ್‌ನ ಎಡಕ್ಕೆ ಒಂದು, ಬಲಕ್ಕೆ ಇನ್ನೊಂದು. ಫೋರ್ಕ್‌ನ ಎರಡು ಕಾಲಿಗೂ ಹೀಗೇ.

ಮೊದಲು ಸೈಕಲ್‌ನ ಊರು ಮನೆತನ ಹೇಳಿಬಿಡುತ್ತೇನೆ. ಬಿಎಂಎಕ್ಸ್, ಅಂದರೆ ಸಣ್ಣ ಚಕ್ರದ ಸೈಕಲ್‌ನಲ್ಲಿ ಮಣ್ಣಿನ ಹಾದಿಯ ರೇಸ್, ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ. 1963ರಲ್ಲಿ ಶ್ವಿನ್ ಕಂಪನಿ ಸ್ಟಿಂಗ್‌ರೇ ಎಂಬ ಸಣ್ಣ ಚಕ್ರದ ಸೈಕಲ್ ತಂದಿತ್ತು. ಅಲ್ಲಿನ ಹುಡುಗರು ಮೋಟೋಕ್ರಾಸ್ ಬೈಕ್ ಸವಾರರನ್ನು ನೋಡಿ, ಇದೇ ಸೈಕಲ್ ಹತ್ತಿ ಮಣ್ಣಿನ ದಿಬ್ಬಗಳಲ್ಲಿ ರೇಸ್ ಶುರು ಮಾಡಿದರು. ಇಂಗ್ಲೆಂಡಿನ ರ‍್ಯಾಲಿ ಕಂಪನಿ ಈ ಆಟಕ್ಕೆ ತಡವಾಗಿ ಬಂತು. ಅದರ ಹತ್ತಿರ ಆಗಲೇ ಚಾಪರ್, ಗ್ರಿಫ್ಟರ್ ಎಂಬ ಮಕ್ಕಳ ಸೈಕಲ್ ಇದ್ದವು. ಬರ್ನರ್ ಹೊರಬಂದಿದ್ದು 1982ರಲ್ಲಿ. ತಡವಾದರೂ ಇಲ್ಲಿನ ಮಕ್ಕಳು ಮುಗಿಬಿದ್ದು ಕೊಂಡರು. ಈಗ ಐವತ್ತು ದಾಟಿದ ಯಾವ ಇಂಗ್ಲಿಷ್ ಗಂಡಸಿನ ಮುಂದೆ ಬರ್ನರ್ ಹೆಸರು ಎತ್ತಿದರೂ ಅರ್ಧ ಗಂಟೆ ಮಾತು ನಿಲ್ಲಲ್ಲ.

ರ‍್ಯಾಲಿ ಶುರುವಾಗಿದ್ದು 1880ರ ದಶಕದಲ್ಲಿ, ಇದೇ ಊರಿನ ರ‍್ಯಾಲಿ ಸ್ಟ್ರೀಟ್‌ನ ಸಣ್ಣ ಕಾರ್ಖಾನೆಯಾಗಿ. 1888ರಲ್ಲಿ ಫ್ರ್ಯಾಂಕ್ ಬೌಡನ್ ಅದನ್ನು ಕೈಗೆ ತೆಗೆದುಕೊಂಡು ದೊಡ್ಡದು ಮಾಡಿದರು. ನಮ್ಮ ಕಡೆಯವರಿಗೂ ಈ ಮನೆತನ ದೂರದ್ದಲ್ಲ. ಬಿಎಸ್‌ಎ ಸೈಕಲ್ ವ್ಯಾಪಾರವನ್ನು ರ‍್ಯಾಲಿ 1957ರಲ್ಲಿ ಕೊಂಡಿತು. 1960ರಲ್ಲಿ ರ‍್ಯಾಲಿಯೇ ಇಂಗ್ಲೆಂಡಿನ ಇನ್ನೊಂದು ಕಂಪನಿ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಕೈಗೆ ಹೋಯಿತು. ಮುರುಗಪ್ಪ ಮನೆತನದ ಜೊತೆ ಸೇರಿ ಮದ್ರಾಸಿನಲ್ಲಿ ಟಿಐ ಸೈಕಲ್ಸ್ ಕಟ್ಟಿದ್ದೂ ಇದೇ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್. ನಾವು ಶಾಲೆಗೆ ತುಳಿದ ಹರ್ಕ್ಯುಲಿಸ್, ಬಿಎಸ್‌ಎ ಎಲ್ಲ ಅಲ್ಲಿಂದ ಬಂದವು. ಅಂದರೆ ಬರ್ನರ್ ಅವಕ್ಕೆ ದಾಯಾದಿ.

ನನ್ನ ಫ್ರೇಮ್ ನಂಬರ್ ಎನ್ ಅಕ್ಷರದಿಂದ ಶುರುವಾಗುತ್ತದೆ. ನಾಟಿಂಗ್‌ಹ್ಯಾಮ್‌ನಲ್ಲೇ ಮಾಡಿದ್ದು ಅಂತ ಅದರ ಗುರುತು. ಆ ಕಾರ್ಖಾನೆ ಇದ್ದ ಜಾಗದ ಒಂದು ಭಾಗದಲ್ಲಿ ಈಗ ಯೂನಿವರ್ಸಿಟಿಯ ಜುಬಿಲಿ ಕ್ಯಾಂಪಸ್ ಇದೆ. ಈ ನಂಬರ್ ಮುಂದೆ ಮತ್ತೆ ಬರುತ್ತದೆ, ನೆನಪಿರಲಿ.

ಈಗ ತುಕ್ಕು. ಕ್ರೋಮ್ ಪದರ ಒಂದು ಮೈಕ್ರಾನ್‌ಗಿಂತಲೂ ತೆಳು. ಅದರ ಕೆಳಗಿರುವ ನಿಕಲ್ ಪದರವೇ ನಿಜವಾಗಿ ಸ್ಟೀಲನ್ನು ಕಾಯೋದು. ಎರಡರಲ್ಲೂ ಕಣ್ಣಿಗೆ ಕಾಣದ ತೂತುಗಳಿರುತ್ತವೆ. ನೀರು ಅಲ್ಲಿಂದ ಇಳಿದು ಸ್ಟೀಲ್ ತಿನ್ನುತ್ತದೆ, ತುಕ್ಕು ಮೇಲಕ್ಕೆ ಉಕ್ಕುತ್ತದೆ. ಹಾಗಾಗಿ ಮೇಲೆ ಕಂದು ಕಲೆ ಇದ್ದರೂ ಕ್ರೋಮ್ ಪೂರ್ತಿ ಹೋಗಿದೆ ಅಂತಲ್ಲ. ಇದು ಗೊತ್ತಿಲ್ಲದೆ ಎಷ್ಟೋ ಜನ ಮರಳು ಕಾಗದ ಹಿಡಿದು ಕೂರುತ್ತಾರೆ. ಅಲ್ಲಿಗೆ ಕಥೆ ಮುಗಿಯಿತು.

ಅಲ್ಯೂಮಿನಿಯಂ ಫಾಯಿಲ್‌ಗೆ ಖರ್ಚೇ ಇಲ್ಲ. ಚಪಾತಿ ಸುತ್ತುವ ಫಾಯಿಲ್ ಸಾಕು. ಮುದ್ದೆ ಮಾಡಿ ನೀರಲ್ಲಿ ಅದ್ದಿ ಉಜ್ಜಬೇಕು. ಅಲ್ಯೂಮಿನಿಯಂ ಕ್ರೋಮ್‌ಗಿಂತ ಮೆದು, ಗೀರು ಬೀಳಲ್ಲ. ಉಜ್ಜುತ್ತಾ ಹೋದಂತೆ ಬೂದು ಬಣ್ಣದ ನುಣ್ಣನೆ ಕೆಸರು ಬರುತ್ತದೆ, ಅದೇ ಪಾಲಿಶ್ ಕೂಡ. ಹ್ಯಾಂಡಲ್‌ನ ಎಡಭಾಗ ಇದರಲ್ಲೇ ಹೊಳೆಯಿತು. ಆದರೆ ವೆಲ್ಡಿಂಗ್ ಮೂಲೆಗಳಿಗೆ, ಹಿಂದಿನ ಚಕ್ರ ಕೂರುವ ಸಂದಿಗೆ ಇದು ಹೋಗಲ್ಲ. ಬೆರಳು ಹೋಗುವಲ್ಲಿ ಫಾಯಿಲ್ ರಾಜ, ಉಳಿದ ಕಡೆ ದಂಡ. ಸ್ಟೀಲ್ ವುಲ್ ಬಗ್ಗೆ ಕೇಳುವವರಿಗೆ: ಅತಿ ನುಣ್ಣನೆಯದು ಪರವಾಗಿಲ್ಲ, ಅಡುಗೆಮನೆಯದು ಬೇಡವೇ ಬೇಡ.

ಹ್ಯಾಂಡಲ್‌ನ ಬಲಭಾಗಕ್ಕೆ ವಿನಿಗರ್ ನೆನೆಸಿದ ಬಟ್ಟೆ ಸುತ್ತಿ, ಮೇಲೆ ಪ್ಲಾಸ್ಟಿಕ್ ಕಟ್ಟಿಟ್ಟೆ. ತುಕ್ಕೇನೋ ಕರಗಿತು. ಆದರೆ ಮನೆಯೆಲ್ಲ ಉಪ್ಪಿನಕಾಯಿ ಕೆಟ್ಟ ವಾಸನೆ. ಅದನ್ನಾದರೂ ಸಹಿಸಬಹುದು. ಕ್ರೋಮ್ ಎದ್ದಿದ್ದ ಅಂಚುಗಳಲ್ಲಿ ಬರೀ ಸ್ಟೀಲ್ ಮಂಕಾಯಿತು, ತೊಳೆದು ಒರೆಸುವಷ್ಟರಲ್ಲಿ ಮತ್ತೆ ಕಿತ್ತಳೆ ಬಣ್ಣ ಏರಿತು. ಅಡುಗೆ ಸೋಡ ನೀರಲ್ಲಿ ತೊಳೆದು ಕೂಡಲೇ ಎಣ್ಣೆ ಸವರಲೇಬೇಕು. ನನಗೆ ಇದು ಹಿಡಿಸಲಿಲ್ಲ.

ಅಮ್ಮನಿಗೆ ಫೋನಲ್ಲಿ ಹೇಳಿದರೆ, "ಹುಣಸೆಹಣ್ಣು ಹಾಕಿ ಉಜ್ಜೋ, ಹಿತ್ತಾಳೆ ಚೊಂಬೇ ಬೆಳ್ಳಗಾಗುತ್ತೆ" ಅಂದರು. ಪೆಡಲ್ ಮೇಲೆ ಉಜ್ಜಿದೆ. ಸ್ವಲ್ಪ ಹೋಯಿತು, ಇಲ್ಲ ಅನ್ನಲ್ಲ. ಆದರೆ ಹುಣಸೆಹಣ್ಣಿಗೆ ಇಲ್ಲಿರುವ ರೇಟು ನೋಡಿದರೆ ಸಾರಿಗೇ ಇರಲಿ ಅನಿಸಿತು.

ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಇದಕ್ಕಿಂತ ಎಷ್ಟೋ ಮೇಲು. ಇಂಡಿಯನ್ ಅಂಗಡಿಯಲ್ಲಿ ಪೊಟ್ಟಣ ಸಿಗುತ್ತದೆ. ಲೀಟರ್ ಬಿಸಿನೀರಿಗೆ 50 ಗ್ರಾಂ ಹಾಕಿ ಬೋಲ್ಟು, ನಟ್ಟು, ಚೈನ್‌ವೀಲ್ ಮುಳುಗಿಸಿದೆ. ವಾಸನೆ ಇಲ್ಲ, ಕೆಲಸ ಬೇಗ. ತೊಂದರೆ ಒಂದೇ: ಹೊತ್ತು ಮೀರಿದರೆ ಬರೀ ಸ್ಟೀಲ್ ಇರುವಲ್ಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಫೋರ್ಕ್‌ನ ಎಡಗಾಲನ್ನೂ ಇದರಲ್ಲೇ ನಿಲ್ಲಿಸಿದ್ದೆ. ಚಕ್ರ ಕೂರುವ ತುದಿಯಲ್ಲಿ, ಕ್ರೋಮ್ ಸವೆದ ಕಡೆ, ಆ ಬೂದು ಈಗಲೂ ಕಾಣುತ್ತದೆ. ಸಣ್ಣ ಸಾಮಾನಿಗೆ ನಾನು ಈಗಲೂ ಇದನ್ನೇ ಬಳಸುತ್ತೇನೆ, ಗಡಿಯಾರ ನೋಡಿಕೊಂಡು.

ಬಲಗಾಲಿಗೆ ಆಕ್ಸಾಲಿಕ್ ಆಸಿಡ್. ಮರದ ಕಲೆ ತೆಗೆಯುವ ಪುಡಿ ಅಂತ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಹತ್ತು ಲೀಟರ್ ನೀರಿಗೆ ಸುಮಾರು 50 ಗ್ರಾಂ. ನಿಂಬೆ ಉಪ್ಪಿಗಿಂತ ಎಷ್ಟು ತೆಳುವಾಯಿತು ನೋಡಿ. ರಾತ್ರಿ ಮುಳುಗಿಸಿದರೆ ಬೆಳಗ್ಗೆ ತುಕ್ಕು ಕರಗಿ ನೀರು ಹಳದಿ ಹಸಿರಾಗಿರುತ್ತದೆ. ಇದು ತುಕ್ಕಿನ ಜೊತೆ ಸೇರಿ ಅದನ್ನು ನೀರಿಗೆ ಎಳೆದುಕೊಳ್ಳುತ್ತದೆ, ಕೆಳಗಿನ ಸ್ಟೀಲನ್ನು ಅಷ್ಟಾಗಿ ಮುಟ್ಟಲ್ಲ. ಎರಡು ಕಾಲನ್ನೂ ಬೆಳಕಿಗೆ ಹಿಡಿದಾಗ ಸಂಶಯವೇ ಉಳಿಯಲಿಲ್ಲ. ವೆಲ್ಡಿಂಗ್ ಸಂದಿ ಕೂಡ ಸ್ವಚ್ಛ, ಬೂದು ಇಲ್ಲ. ಇಡೀ ಫ್ರೇಮನ್ನು ಮಕ್ಕಳ ಗಾಳಿ ತುಂಬುವ ಈಜುಕೊಳದಲ್ಲಿ ಮಲಗಿಸಿದ್ದು ಇದರಲ್ಲೇ.

ಆದರೆ ಇದು ವಿಷ. ಗ್ಲೌಸ್, ಕನ್ನಡಕ ಬೇಕೇ ಬೇಕು. ಪುಡಿ ಮೂಗಿಗೆ ಹೋಗಬಾರದು, ಮಕ್ಕಳು, ನಾಯಿ ಹತ್ತಿರ ಸುಳಿಯಬಾರದು. ಆ ಈಜುಕೊಳ ಮತ್ತೆ ಮಕ್ಕಳ ಕೈಗೆ ಸಿಗಬಾರದು. ಅಲ್ಯೂಮಿನಿಯಂ ಭಾಗ, ಬಣ್ಣದ ಆನೊಡೈಸ್ ಮಾಡಿದ (ವಿದ್ಯುತ್ತಿನಿಂದ ಬಣ್ಣದ ಪೊರೆ ಕೂರಿಸಿದ) ಭಾಗಗಳನ್ನು ಮೊದಲೇ ಬಿಚ್ಚಿಡಬೇಕು. ನೀರು ಗಡಸಾಗಿದ್ದರೆ ಬಿಳಿ ಪೊರೆ ಕೂರುತ್ತದೆ. ಬೋರ್‌ವೆಲ್ ನೀರಿನವರು ಮಳೆನೀರು ಹಿಡಿದಿಟ್ಟುಕೊಳ್ಳಿ.

ಇಷ್ಟೆಲ್ಲ ಮಾಡಿದರೂ ಸೀಟ್ ಕೆಳಗೆ ಸಣ್ಣ ಗುಳಿಗಳು ಉಳಿದವು. ಅಲ್ಲಿ ಸ್ಟೀಲೇ ತಿಂದುಹೋಗಿದೆ, ಯಾವ ಮದ್ದೂ ತುಂಬಲ್ಲ. ಹೊಸ ಕ್ರೋಮ್ ಹಾಕಿಸೋಣವಾ ಅಂತ ವಿಚಾರಿಸಿದೆ. ಹಳೇ ಪದರ ಕಿತ್ತು, ಗುಳಿ ಹೋಗುವ ತನಕ ಸ್ಟೀಲ್ ಉಜ್ಜಬೇಕು ಅಂದರು. ಉಜ್ಜಿದರೆ ಫ್ರೇಮ್ ನಂಬರ್ ಮಂಕಾಗುತ್ತದೆ. ನಂಬರ್ ಓದಲು ಬರದ ಬರ್ನರ್‌ಗೂ ಹೊಸದಾಗಿ ಮಾಡಿಸಿದ ನಕಲಿಗೂ ಏನು ವ್ಯತ್ಯಾಸ? ಪೌಡರ್ ಕೋಟಿಂಗ್ (ಪುಡಿ ಬಣ್ಣ ಸಿಂಪಡಿಸಿ ಕಾಯಿಸಿ ಕೂರಿಸೋದು) ಅಗ್ಗ, ಆದರೆ ಕ್ರೋಮ್ ಮೇಲೆ ಸರಿಯಾಗಿ ಕಚ್ಚಿಕೊಳ್ಳಲ್ಲ, ಅದಕ್ಕೂ ಮೊದಲು ಕ್ರೋಮ್ ಕೀಳಿಸಬೇಕು. ಎರಡೂ ಬೇಡ ಅಂದೆ. ಗುಳಿ ಇರಲಿ.

ಸ್ಟಿಕರ್ ವಿಷಯದಲ್ಲೂ ಇದೇ ನಿಲುವು. ನಕಲು ಸ್ಟಿಕರ್ ಸೆಟ್ ಸಲೀಸಾಗಿ ಸಿಗುತ್ತವೆ, ಹೊಳೆಯುತ್ತವೆ. ನಾನು ಹರಿದ ಹಳೆಯದನ್ನೇ ಬಿಟ್ಟೆ, ಮುಳುಗಿಸುವ ಮುಂಚೆ ಮೇಲೆ ಮೇಣ ಸವರಿ ಟೇಪ್ ಸುತ್ತಿದ್ದೆ. ಟೈರು, ಬ್ರೇಕ್ ರಬ್ಬರ್, ಕೇಬಲ್ ಮಾತ್ರ ಹೊಸದು. ಜೀವದ ಪ್ರಶ್ನೆ ಬಂದಾಗ ಹಳೆಯದರ ಮೋಹ ಬೇಡ, ಅಲ್ವಾ.

ಯಾವ ಮದ್ದು ಹಿಡಿದರೂ ಕೊನೆಗೆ ಕೊಳವೆಗಳ ಒಳಗೆ ನೀರು ನಿಲ್ಲದಂತೆ ನೋಡಿಕೊಳ್ಳಿ. ಫ್ರೇಮ್ ತಲೆಕೆಳಗೆ ಮಾಡಿ ಬಸಿದು, ಹೇರ್ ಡ್ರೈಯರ್ ಹಿಡಿದು, ಸೀಟ್ ಕೊಳವೆಯಿಂದ ಸ್ವಲ್ಪ ಎಣ್ಣೆ ಬಿಟ್ಟು ಎಲ್ಲ ಕಡೆ ತಿರುಗಿಸಿ. ಹೊರಗೆ ಕಾರ್ ಮೇಣ. ಬೇರಿಂಗ್ ಗುಂಡುಗಳನ್ನು ಹೇಗೂ ಬಿಚ್ಚಿರುತ್ತೀರಿ, ಹಳೆಯದನ್ನು ತೊಳೆಯುತ್ತಾ ಕೂರಬೇಡಿ. ಚಿಲ್ಲರೆ ಕಾಸಿಗೆ ಹೊಸದು ಸಿಗುತ್ತದೆ.