ಮಡಿಕೆಯಿಲ್ಲ, ಮಡಿಕೆಯ ಗೆರೆ ಇದೆ: 680 ಡಾಲರ್ ಕೊಟ್ಟು ತಂದ ನಕಲಿ ರೆಕಾರ್ಡ್

ಹಳೆಯ ಅಮೆರಿಕನ್ ಹಾರ್ಡ್‌ಕೋರ್ ಪಂಕ್, ಅಂದರೆ ತುಂಬ ವೇಗದ, ಅಬ್ಬರದ ರಾಕ್ ಸಂಗೀತದ ರೆಕಾರ್ಡ್ ಕೊಳ್ಳುವ ಯೋಚನೆ ಇರುವವರು ಇದನ್ನು ದಯವಿಟ್ಟು ಪೂರ್ತಿ ಓದಿ. ಕಳೆದ ನವೆಂಬರಿನಲ್ಲಿ ನಾನು 680 ಡಾಲರ್ ಕಳೆದುಕೊಂಡೆ. ಕೈಗೆ ಬಂದದ್ದು ನಕಲಿ. ಆ ಹಣ ಇನ್ನು ವಾಪಸ್ ಬರುವುದಿಲ್ಲ.

ನಾನಿರುವುದು ಮೇರಿಲ್ಯಾಂಡಿನಲ್ಲಿ. ಓದಲು ಬಂದ ಹೊಸದರಲ್ಲಿ ರೂಮ್‌ಮೇಟ್ ಒಬ್ಬ ಈ ಹಾಡುಗಳ ಹುಚ್ಚು ಹಿಡಿಸಿದ. ಒಂದು ನಿಮಿಷ, ಒಂದೂವರೆ ನಿಮಿಷದ ಹಾಡುಗಳು. ಶುರುವಾಯಿತು ಅನ್ನುವಷ್ಟರಲ್ಲಿ ಮುಗಿದಿರುತ್ತವೆ. ಇವೆಲ್ಲ ನಮ್ಮ ಮನೆಯಿಂದ ಅರ್ಧ ಗಂಟೆ ದೂರದಲ್ಲಿ, ನನ್ನ ಮಗನಿಗಿಂತ ಒಂದೆರಡು ವರ್ಷ ದೊಡ್ಡ ಹುಡುಗರು ಮಾಡಿದ ಹಾಡುಗಳು ಅನ್ನುವುದು ನನಗೆ ಇವತ್ತಿಗೂ ದೊಡ್ಡ ವಿಷಯವೇ.

ನಾನು ಹತ್ತು ವರ್ಷದಿಂದ ಹುಡುಕುತ್ತಿದ್ದದ್ದು ಟೀನ್ ಐಡಲ್ಸ್ ತಂಡದ ‘ಮೈನರ್ ಡಿಸ್ಟರ್ಬೆನ್ಸ್’. ಏಳು ಇಂಚಿನ ಪುಟ್ಟ ರೆಕಾರ್ಡ್, ಎಂಟು ಹಾಡು. ವಾಷಿಂಗ್ಟನ್ನಿನ ಡಿಸ್ಕಾರ್ಡ್ ಕಂಪನಿಯ ಮೊಟ್ಟಮೊದಲ ರೆಕಾರ್ಡ್ ಇದು. ಇದರ ಹಿಂದಿನ ಕತೆ ಹೇಳಿದರೆ ನಾನು ಯಾಕೆ ಅಷ್ಟು ಆಸೆಪಟ್ಟೆ ಅಂತ ನಿಮಗೂ ಅರ್ಥವಾಗುತ್ತದೆ. ತಂಡದಲ್ಲಿದ್ದವರು ಹದಿನೆಂಟರ ಆಸುಪಾಸಿನ ನಾಲ್ಕು ಹುಡುಗರು. 1980ರ ಕೊನೆಯಲ್ಲಿ ತಂಡ ಒಡೆಯಿತು. ಅಲ್ಲಿ ಇಲ್ಲಿ ಹಾಡಿ ಕೂಡಿಟ್ಟಿದ್ದ ಸುಮಾರು 600 ಡಾಲರ್ ಕೈಯಲ್ಲಿತ್ತು. ಹಂಚಿಕೊಂಡು ಅವರವರ ದಾರಿ ಹಿಡಿಯಬಹುದಿತ್ತು. ಹಾಗೆ ಮಾಡಲಿಲ್ಲ. ಆರ್ಲಿಂಗ್ಟನ್ನಿನ ಇನ್ನರ್ ಇಯರ್ ಸ್ಟುಡಿಯೋದಲ್ಲಿ ಡಾನ್ ಝಿಯೆಂಟಾರಾ ಅವರ ಹತ್ತಿರ ರೆಕಾರ್ಡ್ ಮಾಡಿಸಿದ್ದ ಹಾಡುಗಳನ್ನು 1000 ಪ್ರತಿ ಅಚ್ಚು ಹಾಕಿಸಿದರು. ಕವರನ್ನಂತೂ ಕೈಯಲ್ಲೇ ಮಾಡಿದರು. ಇಂಗ್ಲೆಂಡಿನ ಒಂದು ರೆಕಾರ್ಡಿನ ಕವರ್ ಬಿಚ್ಚಿ, ಅದರ ಅಳತೆ ನೋಡಿಕೊಂಡು, ಕಾಗದ ಕತ್ತರಿಸಿ, ಮಡಚಿ, ಗೋಂದು ಹಚ್ಚಿ ಒಂದೊಂದಾಗಿ ಅಂಟಿಸಿದರು. ಅವರಲ್ಲಿ ಇಬ್ಬರು, ಇಯನ್ ಮೆಕಾಯ್ ಮತ್ತು ಜೆಫ್ ನೆಲ್ಸನ್, ಆಮೇಲೆ ಮೈನರ್ ಥ್ರೆಟ್ ಅನ್ನುವ ತಂಡ ಕಟ್ಟಿದರು.

ಕವರಿನ ಮೇಲೆ ಇರುವುದು ಅಡ್ಡಡ್ಡ ಇಟ್ಟ ಎರಡು ಮುಷ್ಟಿ, ಕೈಮೇಲೆ ಕಪ್ಪು ಎಕ್ಸ್ ಗುರುತು. ಸ್ಯಾನ್ ಫ್ರಾನ್ಸಿಸ್ಕೋದ ಮಬುಹಾಯ್ ಗಾರ್ಡನ್ಸ್ ಕ್ಲಬ್ಬಿನಲ್ಲಿ, ಇವರಿಗೆ ಕುಡಿಯುವ ವಯಸ್ಸಾಗಿಲ್ಲ ಅಂತ ತಿಳಿಯಲು ಹಾಕಿದ್ದ ಗುರುತು ಅದು. ಅದನ್ನೇ ಇವರು ವಾಷಿಂಗ್ಟನ್ನಿಗೆ ತಂದರು.

ಇಂಥ ರೆಕಾರ್ಡ್ ಮೊದಲ ಅಚ್ಚಿನದ್ದು ಸಿಗುತ್ತದೆ ಅಂದರೆ ಕೈ ನಡುಗುತ್ತದೆ. ನನ್ನನ್ನು ಹಿಡಿದದ್ದೂ ಅಲ್ಲೇ.

ಮಾರುವವನು ಸಂಗ್ರಹಕಾರರ ಗುಂಪೊಂದರಲ್ಲಿ ಪರಿಚಯವಾದ. ಅಣ್ಣ ಆ ಕಾಲದಲ್ಲಿ ವಾಷಿಂಗ್ಟನ್ನಿನಲ್ಲಿ ಇದ್ದನಂತೆ. ಎಲ್ಲ ಕಾರ್ಯಕ್ರಮಕ್ಕೂ ಹೋಗುತ್ತಿದ್ದನಂತೆ. ಈಗ ಅವನಿಲ್ಲ, ಪೆಟ್ಟಿಗೆ ಖಾಲಿ ಮಾಡುತ್ತಿದ್ದೇನೆ ಅಂದ. ತಮ್ಮನ ಹತ್ತಿರ ಸತ್ತ ಅಣ್ಣನ ರೆಕಾರ್ಡಿಗೆ ಪುರಾವೆ ಕೇಳುವುದು ಹೇಗೆ? ನಾನು ಸುಮ್ಮನಾದೆ. ನಾಲ್ಕು ಫೋಟೋ ಕಳಿಸಿದ. ಕವರ್ ಹಳತಾಗಿತ್ತು, ಬಲಗಡೆ ಮೇಲಿನ ಮೂಲೆಯಲ್ಲಿ ಮಡಚಿದ ಗೆರೆ, ಹಿಂಬದಿಯಲ್ಲಿ ಅರ್ಧಚಂದ್ರದಂಥ ಕಾಫಿ ಕಲೆ. ನಲವತ್ತು ವರ್ಷದ ಕಾಗದ ಹಾಗೇ ಇರುತ್ತದೆ ಅಂತ ನಂಬಿದೆ. ಜರ್ಮನಿಯಿಂದ ಇನ್ನೊಬ್ಬರು ಕೇಳುತ್ತಿದ್ದಾರೆ, ರಾತ್ರಿಯೊಳಗೆ ಹೇಳಿ ಅಂದ. ಹಣವನ್ನು ಆನ್‌ಲೈನ್ ಪಾವತಿಯಲ್ಲಿ ‘ಸ್ನೇಹಿತರು ಮತ್ತು ಕುಟುಂಬ’ ಅನ್ನುವ ಬಗೆಯಲ್ಲಿ ಕಳಿಸಿ, ಶುಲ್ಕ ಉಳಿಯುತ್ತದೆ ಅಂದ. ಕಳಿಸಿದೆ.

ಎಂಟನೇ ದಿನ ಪೊಟ್ಟಣ ಬಂತು. ಕವರ್ ತೆಗೆದು ಅಡುಗೆಮನೆಯ ಲೈಟಿನ ಕೆಳಗೆ ಹಿಡಿದೆ. ಮೂಲೆಯ ಮಡಿಕೆ ಫೋಟೋದಲ್ಲಿ ಇದ್ದ ಹಾಗೇ ಇತ್ತು. ಬೆರಳಾಡಿಸಿ ನೋಡಿದೆ. ಕಾಗದ ಒಂದೇ ಸಮ, ನುಣುಪು. ಅಲ್ಲಿ ಮಡಿಕೆಯೇ ಇರಲಿಲ್ಲ. ಮಡಿಕೆಯ ಬಿಳಿ ಗೆರೆ ಅಚ್ಚಾಗಿತ್ತು, ಅಷ್ಟೇ. ತಿರುಗಿಸಿದರೆ ಕಾಫಿ ಕಲೆಯೂ ಅಚ್ಚಿನದ್ದೇ. ಯಾರದೋ ಮನೆಯ ನಿಜವಾದ ಪ್ರತಿಯನ್ನು ಸ್ಕ್ಯಾನ್ ಮಾಡಿ, ಅದರ ಗಾಯಗಳ ಸಮೇತ ಛಾಪಿಸಿದ್ದರು. ಮಗನ ಭೂತಗನ್ನಡಿ ತಂದು ನೋಡಿದೆ. ಅಕ್ಷರಗಳ ಅಂಚು ಗಟ್ಟಿ ಕಪ್ಪಾಗಿರಬೇಕಿತ್ತು. ಇಲ್ಲಿ ಸಣ್ಣ ಸಣ್ಣ ಚುಕ್ಕಿಗಳು ಸೇರಿ ಅಕ್ಷರವಾಗಿದ್ದವು. ಕವರಿನ ನಾಲ್ಕೂ ಬದಿ ಯಂತ್ರ ಕತ್ತರಿಸಿದ ಹಾಗೆ ನೇರ. ಹುಡುಗರು ಕೈಯಲ್ಲಿ ಕತ್ತರಿಸಿ ಅಂಟಿಸಿದ ಕಾಗದ ಅಷ್ಟು ನೇರ ಹೇಗಿರುತ್ತದೆ ಹೇಳಿ?

ಆದರೂ ಮನಸ್ಸು ಒಪ್ಪಲಿಲ್ಲ. ರೆಕಾರ್ಡ್ ಹಾಕಿ ಮುಳ್ಳು ಇಟ್ಟೆ. ಹಾಡು ಶುರುವಾಗುವ ಮೊದಲೇ ಕರಕರ ಸದ್ದು. ಮೂರನೇ ಹಾಡಿನಲ್ಲಿ ಪ್ರತಿ ಸುತ್ತಿಗೊಂದು ಟಿಕ್, ಟಿಕ್, ಟಿಕ್. ನಿಲ್ಲಿಸಿ, ರೆಕಾರ್ಡನ್ನು ಲೈಟಿಗೆ ಓರೆಯಾಗಿ ಹಿಡಿದು ಗೀರು ಹುಡುಕಿದೆ. ಕೂದಲೆಳೆಯಷ್ಟೂ ಇರಲಿಲ್ಲ, ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆ ಟಿಕ್ ಸದ್ದು ಬೇರೆ ಯಾವುದೋ ರೆಕಾರ್ಡಿನ ಮೇಲಿದ್ದ ಗೀರಿನದ್ದು. ಅದನ್ನು ಪ್ಲೇಯರಿನಲ್ಲಿ ಹಾಕಿ, ಅದರಿಂದಲೇ ಹೊಸದನ್ನು ಅಚ್ಚು ಹಾಕಿದ್ದರು. ಆ ಹೊತ್ತಿಗೆ ನನಗೆ ಅಳು ಬರುವುದೊಂದು ಬಾಕಿ.

ಮರುದಿನ ನಾನು ಯಾವಾಗಲೂ ಹೋಗುವ ರೆಕಾರ್ಡ್ ಅಂಗಡಿಗೆ ತೆಗೆದುಕೊಂಡು ಹೋದೆ. ಅಂಗಡಿಯವರಿಗೆ ಅರವತ್ತು ದಾಟಿದೆ. ಕವರ್ ಕಡೆ ನೋಡಲೇ ಇಲ್ಲ. ರೆಕಾರ್ಡನ್ನು ಹೊರಗೆ ತೆಗೆದು, ಹಾಡು ಮುಗಿದ ಮೇಲೆ ಲೇಬಲ್ಲಿನವರೆಗೆ ಖಾಲಿ ಉಳಿಯುತ್ತದಲ್ಲ, ಆ ನುಣುಪು ಜಾಗವನ್ನು ಬೆಳಕಿಗೆ ಹಿಡಿದರು. “ಎಷ್ಟು ಕೊಟ್ರಿ?” ಅಂದರು. ಹೇಳಿದೆ. ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. “ಕೊಳ್ಳೋ ಮೊದಲೇ ನನಗೆ ಒಂದು ಫೋನ್ ಮಾಡಬಾರದಿತ್ತಾ?” ಅಂದರು.

ಆ ಖಾಲಿ ಜಾಗವನ್ನು ಸಂಗ್ರಹಕಾರರು ರನ್‌ಔಟ್ ಅನ್ನುತ್ತಾರೆ. ಅಚ್ಚು ತಯಾರಿಸುವವರು ಅಲ್ಲಿ ರೆಕಾರ್ಡಿನ ಸಂಖ್ಯೆ, ಒಮ್ಮೊಮ್ಮೆ ಒಂದೆರಡು ಪದ, ಕೈಯಲ್ಲೇ ಗೀಚಿರುತ್ತಾರೆ. ಅದು ಅವರ ಕೈಬರಹ. ನಕಲಿ ಮಾಡುವವರು ಹೊಸ ಅಚ್ಚು ಕೆತ್ತಬೇಕಾಗುವುದರಿಂದ ಆ ಬರಹವನ್ನೂ ಮತ್ತೆ ಬರೆಯಬೇಕಾಗುತ್ತದೆ. ಅಕ್ಷರದ ಓರೆ, ಅಂತರ, ಆಳ ಯಾವುದೂ ಸರಿಯಾಗಿ ಕೂರುವುದಿಲ್ಲ. ಡಿಸ್ಕಾಗ್ಸ್ ತಾಣದಲ್ಲಿ ಪ್ರತಿ ಅಚ್ಚಿಗೂ ಈ ಗುರುತುಗಳನ್ನು ದಾಖಲಿಸುತ್ತಾರೆ. ಎಷ್ಟೋ ಕಡೆ ಫೋಟೋ ಕೂಡ ಇರುತ್ತದೆ. ಹೋಲಿಸಿ ನೋಡಲು ಐದು ನಿಮಿಷ ಸಾಕು. ಆ ಐದು ನಿಮಿಷವನ್ನು ನಾನು ಕೊಡಲಿಲ್ಲ.

ಅದಕ್ಕೇ ಹೇಳುವುದು, ಕವರಿನ ಫೋಟೋ ನೋಡಿ ಹಣ ಕೊಡಬೇಡಿ. ರನ್‌ಔಟಿನ ಫೋಟೋ ಕೇಳಿ, ಎರಡೂ ಬದಿಯದ್ದು. ಪಕ್ಕದಲ್ಲಿ ಒಂದು ಚೀಟಿಯ ಮೇಲೆ ಇವತ್ತಿನ ತಾರೀಖು ಮತ್ತು ನಿಮ್ಮ ಹೆಸರು ಬರೆದು ಇಡಲು ಹೇಳಿ. ನಿಜವಾದ ರೆಕಾರ್ಡ್ ಕೈಯಲ್ಲಿರುವವರಿಗೆ ಇದು ಎರಡು ನಿಮಿಷದ ಕೆಲಸ. ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ, ನೀವು ಸಂಕೋಚಪಡಬೇಡಿ. ಸರಕು ಕೊಳ್ಳುವವರಿಗೆ ರಕ್ಷಣೆ ಇರುವ ಬಗೆಯಲ್ಲೇ ಹಣ ಕೊಡಿ, ಶುಲ್ಕ ನೀವೇ ಕಟ್ಟಬೇಕಾದರೂ ಪರವಾಗಿಲ್ಲ. ನಾನು ದೂರು ಕೊಟ್ಟಾಗ ಸಿಕ್ಕ ಉತ್ತರ ಒಂದೇ: ನೀವು ಸ್ನೇಹಿತರಿಗೆ ಕಳಿಸಿದ್ದೀರಿ, ಇದು ಖರೀದಿ ಅಲ್ಲ. ಬೆಂಗಳೂರಿನಲ್ಲಿ ಕೂತು ಇಲ್ಲಿಂದ ತರಿಸುವವರು ಇನ್ನೂ ಜಾಸ್ತಿ ಹುಷಾರಾಗಿರಬೇಕು. ಕಸ್ಟಮ್ಸ್ ಸುಂಕ ಕಟ್ಟಿ ಬಿಡಿಸಿಕೊಂಡ ಮೇಲೆ ವಾಪಸ್ ಕಳಿಸುವುದು ಅಂದರೆ ಮತ್ತೆ ಅಷ್ಟೇ ಖರ್ಚು.

ಕೆಲವು ರೆಕಾರ್ಡುಗಳ ಹೆಸರು ಕಂಡರೇ ಅನುಮಾನ ಪಡಬೇಕು. ಟಚ್ ಆ್ಯಂಡ್ ಗೋ ಕಂಪನಿ 1981ರಲ್ಲಿ ತಂದ ನೆಕ್ರೋಸ್ ತಂಡದ ಮೊದಲ ರೆಕಾರ್ಡ್ 100 ಪ್ರತಿ ಮಾತ್ರ. ಅದೇ ವರ್ಷದ ದಿ ಫಿಕ್ಸ್ ತಂಡದ ‘ವೆಂಜೆನ್ಸ್’ 200 ಪ್ರತಿ. ಅವು ಯಾರದೋ ಅಣ್ಣನ ಪೆಟ್ಟಿಗೆಯಲ್ಲಿ ಹೊಸದರ ಹಾಗೆ ಸಿಕ್ಕಿದವು ಅಂದರೆ ಎರಡು ಸಲ ಯೋಚಿಸಿ. ಬ್ಯಾಡ್ ಬ್ರೇನ್ಸ್ ತಂಡದ ಮೊದಲ ಆಲ್ಬಮ್ಮಿನ ‘1982ರ ಒರಿಜಿನಲ್ ರೆಕಾರ್ಡ್’ ಅಂತ ಯಾರಾದರೂ ತೋರಿಸಿದರೆ ಮಾತೇ ಮುಂದುವರಿಸಬೇಡಿ. ಮಿಂಚು ಹೊಡೆದ ಅಮೆರಿಕದ ಸಂಸತ್ ಭವನದ ಚಿತ್ರ ಇರುವ ಆ ಆಲ್ಬಮ್ 1982ರಲ್ಲಿ ಬಂದದ್ದು ಕ್ಯಾಸೆಟ್ಟಿನಲ್ಲಿ ಮಾತ್ರ.

ಹಾಡು ಮಾತ್ರ ಬೇಕು ಅನ್ನುವವರಿಗೆ ಇಷ್ಟೆಲ್ಲ ತಲೆನೋವು ಬೇಕಿಲ್ಲ. ಟೀನ್ ಐಡಲ್ಸ್‌ನ ಈ ಎಂಟೂ ಹಾಡುಗಳನ್ನು ಡಿಸ್ಕಾರ್ಡ್ ಕಂಪನಿಯೇ 1984ರಲ್ಲಿ ಬೇರೆ ಮೂರು ತಂಡಗಳ ಹಾಡುಗಳ ಜೊತೆ ಒಂದೇ ದೊಡ್ಡ ರೆಕಾರ್ಡಿನಲ್ಲಿ ತಂದಿತು. ಬೆಲೆ ಕಮ್ಮಿ ಇಡುವುದಕ್ಕೇ ಹೆಸರಾದ ಕಂಪನಿ ಅದು. ಹುಡುಗರ ಕೈಗೆ ಎಟುಕಲಿ ಅಂತ ಮಾಡಿದ ಹಾಡಿನ ಹೆಸರಲ್ಲಿ ಈ ಥರ ದುಡ್ಡು ಹೊಡೆಯುತ್ತಾರಲ್ಲ, ಅದು ನನಗೆ ಕಳೆದುಹೋದ ಹಣಕ್ಕಿಂತ ಜಾಸ್ತಿ ಉರಿಯುತ್ತದೆ.

ನನ್ನ ಹತ್ತಿರ ಇರುವ ಪ್ರತಿಯ ಎರಡೂ ಲೇಬಲ್ ಮೇಲೆ ಅಳಿಸಲಾಗದ ಶಾಯಿಯಲ್ಲಿ ನಕಲಿ ಅಂತ ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಬರೆದಿದ್ದೇನೆ. ನನ್ನ ಕೈಯಿಂದ ಅದು ಇನ್ನೊಬ್ಬರಿಗೆ ಹೋಗಬಾರದು. ಆದರೆ ಅವನ ಹತ್ತಿರ ಇನ್ನೂ ಇವೆ. ಕಳೆದ ವಾರ ಬೇರೆ ಹೆಸರಿನಲ್ಲಿ, ಬೇರೆ ಕಡೆ, ಅದೇ ನಾಲ್ಕು ಫೋಟೋ ಮತ್ತೆ ಕಂಡವು. ಈ ಸಲ 720 ಡಾಲರ್, ಅಣ್ಣನ ಬದಲು ಚಿಕ್ಕಪ್ಪ. ಮುಂದಿನ ಕವರಿನ ಬಲಗಡೆ ಮೇಲಿನ ಮೂಲೆಯಲ್ಲಿ ಓರೆಯಾದ ಬಿಳಿ ಗೆರೆ, ಹಿಂದೆ ಕೆಳಗಡೆ ಎಡಕ್ಕೆ ಅರ್ಧಚಂದ್ರದ ಕಾಫಿ ಕಲೆ. ಆ ಎರಡು ಗುರುತು ಒಟ್ಟಿಗೆ ಕಂಡರೆ ಹಣ ಕಳಿಸಬೇಡಿ. ಆ ಮೂಲೆಯನ್ನು ಬೆರಳಲ್ಲಿ ಮಡಚಿ ಹಿಡಿದು ಒಂದು ವಿಡಿಯೋ ಕಳಿಸಿ ಅಂತ ಕೇಳಿ.